ಕೆರೆ ಕಟ್ಟಿಸಿದವರ ಹೆಸರು

ಒಬ್ಬರ ದನಿ ಕದಿಯುವುದು ಅವರ ಚಪ್ಪಲಿ ಕದಿಯುವುದಕ್ಕಿಂತ ಸುಲಭ. ಚಪ್ಪಲಿಯಾದರೆ ಅಳತೆ ಹೊಂದಬೇಕು. ಈ ಚಟ ನನಗೆ ಚಿಕ್ಕಂದಿನಿಂದ ಇದೆ. ಯಾದಗಿರಿ ಬಸ್ ನಿಲ್ದಾಣದಲ್ಲಿ ಕಂಡಕ್ಟರರ ದನಿ ತೆಗೆದು "ಶಹಾಪುರ, ಸುರಪುರ, ಬರ್ರಿ ಬರ್ರಿ ಜಲ್ದಿ" ಎಂದು ಕೂಗಿ, ಗಂಟುಮೂಟೆ ಹೊತ್ತು ಓಡಿಬಂದ ಸ್ವಂತ ಸೋದರಮಾವನಿಂದ ಒದೆ ತಿಂದವನು ನಾನು. ಈಗ ಸುರಪುರದ ಒಂದು ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕ. ಅತಿಥಿ ಎಂದರೆ, ತನ್ನ ಕುರ್ಚಿಯನ್ನು ತಾನೇ ಹುಡುಕಿಕೊಳ್ಳಬೇಕಾದವನು. ಪಾಠ ಮಾಡುವಾಗ ಸುಲ್ತಾನರಿಗೆ ನಮ್ಮ ಪ್ರಾಂಶುಪಾಲರ ದನಿ ಕೊಡುತ್ತೇನೆ, ಮಂತ್ರಿಗಳಿಗೆ ಗುಮಾಸ್ತರದು. ಹುಡುಗರಿಗೆ ಇಸವಿ ನೆನಪಿರುವುದಿಲ್ಲ, ಸುಲ್ತಾನರ ಕೆಮ್ಮು ಮಾತ್ರ ಬಾಯಿಪಾಠ.

ನನ್ನ ಕೈಗೆ ಹೆಚ್ಚು ಸಿಕ್ಕವರು ಶಹಾಪುರದ ಶರಣಪ್ಪ ಮಾಸ್ತರು. ನಿವೃತ್ತ ಶಿಕ್ಷಕರು. ಬೇರೆಯವರು ಭಾನುವಾರ ಬೀಗರ ಮನೆಗೆ ಹೋದರೆ ಇವರು ಶಾಸನಗಳನ್ನು ಮಾತಾಡಿಸಲು ಹೋಗುತ್ತಾರೆ. ಸಗರವಿರಲಿ, ವನದುರ್ಗವಿರಲಿ, ಬರಹವಿರುವ ಕಲ್ಲಿನ ಸುದ್ದಿ ಬಂದರೆ ಸಾಕು, ನನ್ನ ಬೈಕಿನ ಹಿಂದೆ ಹಾಜರು. ತೊಡೆಯ ಮೇಲೆ ಬಕೆಟ್ಟು, ಬ್ರಷ್ಷು, ಕಾಗದದ ಸುರುಳಿ. ಕಲ್ಲು ತೊಳೆದು ಒದ್ದೆ ಕಾಗದ ಹಚ್ಚಿ, ಅದು ಅಕ್ಷರದ ತಗ್ಗಿಗೆ ಇಳಿಯುವವರೆಗೆ ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ಒತ್ತಿದರೆ ಕಲ್ಲಿನ ಮಾತು ಕಾಗದಕ್ಕೆ ಬರುತ್ತದೆ. ಆಮೇಲೆ ಮಾಸ್ತರು ಕನ್ನಡಕ ಹಣೆಗೇರಿಸಿ, ಬೆರಳಿಟ್ಟು ತಡವುತ್ತ ಓದುತ್ತಾರೆ. ಎರಡು ಪದಕ್ಕೊಂದು "ಹಾಂ". ಆ "ಹಾಂ" ನನ್ನ ಗಂಟಲಲ್ಲಿ ಅವರದಕ್ಕಿಂತ ಚೆನ್ನಾಗಿ ಕೂತಿದೆ.

ಸಗರದ ಆಚೆ ಒಂದು ಹಳ್ಳಿ. ಹೆಸರು ಹೇಳಿದರೆ ಮತ್ತೆ ಸನ್ಮಾನಕ್ಕೆ ಕರೆದಾರು, ಬೇಡ. ಅಲ್ಲಿ ಕೆರೆಯ ಏರಿಯ ಮೇಲೆ ಒಂದು ಶಾಸನ, ಅರ್ಧ ಮಣ್ಣಿನಲ್ಲಿ ಹೂತುಹೋಗಿತ್ತು. ಮೇಲಿನ ಅರ್ಧಕ್ಕೆ ಜನ ಆಡು ಕಟ್ಟುತ್ತಿದ್ದರು, ಕುಡುಗೋಲು ಮಸೆಯುತ್ತಿದ್ದರು. ಮಣ್ಣಿನ ಮೇಲಿದ್ದಷ್ಟನ್ನು ಮಾಸ್ತರು ಓದಿದರು. ರಾಜನ ಬಿರುದು, ಅದರ ಮೇಲೊಂದು ಬಿರುದು, ಕೊನೆಗೆ "ಈ ಕೆರೆಯ ಕಟ್ಟಿಸಿದ" ಎಂದು ಬಂತು, ಮುಂದೆ ಮಣ್ಣು.

"ನೋಡಪಾ, ರಾಜಗ ಇಷ್ಟ ಹೊಗಳಿಕಿ. ನೀರ ಕೊಟ್ಟವ್ರು ಯಾರಂಬೂದು ಕೆಳಗ ಉಳೀತು, ಹಾಂ" ಎಂದರು ಮಾಸ್ತರು.

ಅಗೆಯೋಣವೆಂದರೆ ತೊಗರಿ ಬಡಿದು ರಾಶಿ ಮಾಡುವ ಕಾಲ, ಆಳು ಸಿಗುವುದಿಲ್ಲ. ಊರಿನ ಕಿರಾಣಿ ಅಂಗಡಿಯ ಭೀಮರಾಯ, "ರಾಶಿ ಮುಗೀಲಿ ಬಿಡ್ರಿ, ಮಂದಿ ಹಚ್ಚಿ ಅಗಸ್ತೇನಿ" ಎಂದ. ಅಲ್ಲಿಯವರೆಗೆ ಕಲ್ಲು ಕಾಯಬೇಕಲ್ಲ? ಮಾಸ್ತರು ಊರವರನ್ನು ಕೂಡಿಸಿ ಶಾಸನದ ಮಹತ್ವ ಹೇಳತೊಡಗಿದರು. ಲಿಪಿಯ ಬೆಳವಣಿಗೆಯಿಂದ ಶುರು ಮಾಡಿದರು, ಪಾಪ. ಇಬ್ಬರು ಹಿರಿಯರು ಅಲ್ಲೇ ತೂಕಡಿಸಿದರು. ಒಬ್ಬಾಕೆ ಎದ್ದು, "ರೊಟ್ಟಿ ಬಡೀಬೇಕ್ರಿ ಎಪ್ಪಾ" ಎಂದು ಹೊರಟೇಬಿಟ್ಟಳು.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಪುರಾಣ ಹೇಳುವ ಸ್ವಾಮಿಗಳ ದನಿ ತೆಗೆದೆ. "ಇದು ಬರೇ ಕಲ್ಲಲ್ಲ! ಇದರಾಗ ನಿಮ್ಮ ಹಿರ್ಯಾರು ಕುಂತಾರ! ಅವರ ಮೈಮ್ಯಾಲ ಕುಡಗೋಲು ಮಸೀತೀರೇನ?" ತೂಕಡಿಸುವವರು ಕಣ್ಣು ಬಿಟ್ಟರು. ರೊಟ್ಟಿಗೆ ಹೊರಟವಳು ತಿರುಗಿ ಬಂದು ಸೆರಗು ಹೊದ್ದು ಕೂತಳು. ಭೀಮರಾಯ ಚಪ್ಪಲಿ ಕಳಚಿದ. ಮಾಸ್ತರೂ ಖುಷಿಯಾಗಿ, "ನಿನ್ನ ಗಂಟಲಾ ನನಗಿದ್ದರ ಇಡೀ ತಾಲೂಕು ಉಳಸ್ತಿದ್ದೆ ನೋಡು" ಎಂದರು. ನಾನು ಹಿಗ್ಗಿ ಹೀರೇಕಾಯಿಯಾದೆ.

ರಾಶಿ ಮುಗಿದ ಮೇಲೆ ಭೀಮರಾಯನ ಫೋನು ಬಂತು. "ಬರ್ರಿ ಸರ್, ನಿಮ್ಮ ಮಾತು ನಡಸೇವಿ. ಕಲ್ಲು ಭಾಳ ಚೊಲೊ ಇಟ್ಟೇವಿ."

ಇಟ್ಟಿದ್ದರು. ಕಲ್ಲಿಗೆ ಬೆಳ್ಳಿ ಬಣ್ಣ, ಅಕ್ಷರಗಳಿಗೆ ಕೆಂಪು. ಅಲುಗಾಡಬಾರದೆಂದು ಬುಡಕ್ಕೆ ತಗ್ಗು ತೋಡಿ, ಕಾಂಕ್ರೀಟು ಸುರಿದು, ಮೇಲೆ ಕಟ್ಟೆ ಕಟ್ಟಿ ಟೈಲ್ಸು ಹಾಕಿದ್ದರು. ಓದದೆ ಉಳಿದ ಅರ್ಧ ಪೂರ್ತಿ ಒಳಗೆ. ಮಾಸ್ತರರ ಕೈಯಲ್ಲಿದ್ದ ಬಕೆಟ್ಟು ತಾನಾಗಿ ಕೆಳಗಿಳಿಯಿತು.

"ತಗ್ಗು ತೋಡಿದಾಗ ಕೆಳಗ ಅಕ್ಷರ ಇದ್ದವೇನಪಾ?" ಎಂದು ಮೆಲ್ಲಗೆ ಕೇಳಿದರು.

"ಇದ್ದವ್ರಿ, ಭಾಳ ಸ್ವಚ್ಛ ಇದ್ದವು. ಹಿರ್ಯಾರ ಪಾದ ಮುಚ್ಚಿರಬೇಕಂತ ಮುಚ್ಚಿಬಿಟ್ಟೇವಿ."

"ಒಂದು ಫೋಟೋ?"

"ಪೂಜಾ ಆಗೂತನಕ ಹೊಡೀಬಾರದಂದ್ರು ಎಲ್ಲಾರೂ."

ಕಟ್ಟೆ ಒಡೆಯೋಣವೆಂದರೆ ಕಲ್ಲೇ ಸೀಳುತ್ತದೆ. ಕಲ್ಲು ಸೀಳದಿದ್ದರೂ ಊರವರು ನಮ್ಮನ್ನು ಸೀಳುತ್ತಾರೆ. ಒಳಗೆ ಅವರ ಹಿರಿಯರಿದ್ದಾರೆ, ಕೂರಿಸಿದವನು ನಾನೇ. ಮಾಸ್ತರು ಯಾರನ್ನೂ ಬಯ್ಯಲಿಲ್ಲ. ಪ್ರಸಾದವೆಂದು ಕೊಟ್ಟ ಸಕ್ಕರೆ ಬಾಯಿಗೆ ಹಾಕಿಕೊಂಡು, ಕನ್ನಡಕ ಹಣೆಗೇರಿಸಿ, ಎಂದಿನಂತೆ ಬೆರಳಿಟ್ಟು ಓದತೊಡಗಿದರು. ಬಿರುದು, ಬಿರುದು, "ಈ ಕೆರೆಯ ಕಟ್ಟಿಸಿದ... ಹಾಂ". ಬೆರಳು ಕಲ್ಲಿನಿಂದ ಜಾರಿ ಕಟ್ಟೆಯ ಟೈಲ್ಸಿಗೆ ಬಂತು. ಅಲ್ಲಿ ದಪ್ಪಕ್ಷರಗಳಲ್ಲಿ ನನ್ನ ಹೆಸರಿತ್ತು: ಮಲ್ಲಿಕಾರ್ಜುನ ಸರ್, ಇತಿಹಾಸ ವಿಭಾಗ, ಸುರಪುರ.

ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಅದಕ್ಕೂ ಕಾಂಕ್ರೀಟು ಹಾಕಿದ್ದರು. "ಮಾಸ್ತರರ ಹೆಸರು ಎಲ್ಲೈತೋ ಮಾರಾಯ?" ಎಂದೆ. ಭೀಮರಾಯ ತಲೆ ಕೆರೆದುಕೊಂಡ. "ಅವ್ರು ಅವತ್ತ ಏನೂ ಮಾತಾಡಲಿಲ್ಲಲ್ರೀ?"

ಮಾಸ್ತರು ನಕ್ಕರು. "ಕೆರಿ ಚೊಲೊ ಕಟ್ಟಿಸೀಯಪಾ, ಹಾಂ" ಎಂದರು. ಆದರೆ ಶಹಾಪುರದವರೆಗೆ ಬೈಕಿನ ಹಿಂದಿನಿಂದ ಮತ್ತೊಂದು "ಹಾಂ" ಬರಲಿಲ್ಲ. ಆ ಮೌನ ಒಂದನ್ನು ಮಾತ್ರ ನನಗೆ ಇಂದಿಗೂ ಅನುಕರಿಸಲು ಬಂದಿಲ್ಲ.

ಈಗ ಮಾಸ್ತರು ಬೇರೆ ಊರಿನ ಕಲ್ಲುಗಳಿಗೆ ಹೋಗುತ್ತಾರೆ, ನಾನೂ ಜೊತೆಗಿರುತ್ತೇನೆ, ಬಾಯಿ ಮುಚ್ಚಿಕೊಂಡು ಬಕೆಟ್ಟು ಹಿಡಿಯುತ್ತೇನೆ. ಈ ಕತೆಯನ್ನು ಬುದ್ಧಿ ಬರಲಿ ಎಂದು ತರಗತಿಯಲ್ಲಿ ಹೇಳಿದ್ದು ತಪ್ಪಾಯಿತು. ಒಂದು ಇಸವಿ ನೆನಪಿಡದ ಹುಡುಗರು ಇದನ್ನು ಚೆನ್ನಾಗಿ ನೆನಪಿಟ್ಟಿದ್ದಾರೆ. ನಾನು ವರಾಂಡದಲ್ಲಿ ಕಂಡರೆ ಕಂಬದ ಹಿಂದಿನಿಂದ ಮಾಸ್ತರರ ದನಿ ಬರುತ್ತದೆ: "ಕೆರಿ ಚೊಲೊ ಕಟ್ಟಿಸೀರಿ ಸರ್, ಹಾಂ." ಆ "ಹಾಂ" ಹುಡುಗರಿಗೆ ಇನ್ನೂ ಸರಿಯಾಗಿ ಕೂತಿಲ್ಲ. ನಿಂತು ತಿದ್ದೋಣವೆಂದರೆ, ದನಿ ಏಳುವುದಿಲ್ಲ.