ಎಡಗಾಲಿನ ರಜೆ

ಇದು ಇನ್ನೊಬ್ಬರ ಮರ್ಯಾದೆಯ ವಿಷಯ. ಹೇಳುವಷ್ಟು ದೊಡ್ಡವನು ನಾನಲ್ಲ. ತಪ್ಪಾಗಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಕಡಲ ದಂಡೆಯ ಕಾಡಿನಲ್ಲಿ ಹಕ್ಕಿಗಳು ಮರಿ ಮಾಡಿವೆ ಎಂದು ಗುಮಾಸ್ತನ ಮಗಳು ಶಾಲೆಯಲ್ಲಿ ಕೇಳಿಕೊಂಡು ಬಂದಿದ್ದಳು. 'ಈ ಭಾನುವಾರ ಖಂಡಿತ' ಎಂದು ಅವನು ಮೂರು ಸಲ ಮಾತು ಕೊಟ್ಟು, ಮೂರು ಸಲವೂ ಕಚೇರಿಯ ಕಡತಗಳನ್ನು ಮನೆಗೆ ಹೊತ್ತು ತಂದಿದ್ದ. ನಾಲ್ಕನೆಯ ಭಾನುವಾರ ಅವಳು ಕೇಳಲೇ ಇಲ್ಲ. ಅದು ಅವನ ಕರುಳಿಗೆ ತಾಗಿತು. ಹನ್ನೊಂದು ವರ್ಷದ ನೌಕರಿಯಲ್ಲಿ ಮೊದಲ ಸುಳ್ಳು ಬರೆದ: 'ಎಡಗಾಲು ಉಳುಕಿರುವುದರಿಂದ ಬುಧವಾರ ಒಂದು ದಿನದ ರಜೆ ಕೊಡಬೇಕು.'

ಬುಧವಾರ ಅಪ್ಪ ಮಗಳು ಕಾಡಿನ ಕಾಲುದಾರಿ ಹಿಡಿದು ನಡೆದರು. ಮರಗಳು ಮುಗಿದು ಮರಳು ಶುರುವಾಗುವಲ್ಲಿ ಹಗ್ಗದ ಬೇಲಿ. ಅದರ ಪಕ್ಕ ಒಬ್ಬ ಕಾವಲುಗಾರ. ಅವನ ಪಕ್ಕ, ಟೋಪಿ ಹಾಕಿಕೊಂಡು ಕಡಲು ನೋಡುತ್ತ ನಿಂತಿದ್ದವರು ಗುಮಾಸ್ತನ ಮ್ಯಾನೇಜರು!

ಅವನ ಕಾಲು ತಾನಾಗಿಯೇ ಕುಂಟತೊಡಗಿತು.

"ಅರೆ, ಕಾಲು ಉಳುಕಿದೆ ಅಂತ ಬರ್ದಿದ್ರಲ್ರೀ?"

"ಹೌದು ಸರ್. ಮರಳಲ್ಲಿ ನಡೆದ್ರೆ ವಾಸಿ ಆಗತ್ತೆ ಅಂದ್ರು."

"ಯಾರು?"

"ಎಲ್ರೂ ಸರ್."

"ಅಪ್ಪಾ, ಬೆಳಿಗ್ಗೆ ಬಸ್ ಹಿಂದೆ ಓಡಿದ್ಯಲ್ಲ!" ಎಂದಳು ಮಗಳು.

"ಅದಕ್ಕೇ ಜಾಸ್ತಿ ಆಗಿರೋದು ಕಣಮ್ಮ."

ಮ್ಯಾನೇಜರು ಕರುಣಾಳು. ತೋಳು ಹಿಡಿದು ಮರದ ದಿಮ್ಮಿಯ ಮೇಲೆ ಕೂರಿಸಿದರು. ಸುಧಾರಿಸಿಕೊಂಡು ಏಳುವ ಹೊತ್ತಿಗೆ, ಅರ್ಜಿಯಲ್ಲಿ ಬರೆದದ್ದು ಯಾವ ಕಾಲೆಂಬುದೇ ಗುಮಾಸ್ತನಿಗೆ ಮರೆತುಹೋಗಿತ್ತು. ಉತ್ತರ ಬಾರದ ವಿದ್ಯಾರ್ಥಿಯಂತೆ ಅಂದಾಜಿನ ಮೇಲೆ ಒಂದನ್ನು ಆರಿಸಿಕೊಂಡ.

ಅಷ್ಟರಲ್ಲಿ ಬೇಲಿಯಾಚೆ ಪುಟ್ಟ ಹಕ್ಕಿಯೊಂದು ಒಂದು ರೆಕ್ಕೆಯನ್ನು ಎಳೆಯುತ್ತ ಮರಳಲ್ಲಿ ಹೊರಳಾಡತೊಡಗಿತು.

"ಪಾಪ, ರೆಕ್ಕೆ ಮುರಿದಿದೆ!" ಎಂದಳು ಮಗಳು.

ಕಾವಲುಗಾರ ನಕ್ಕ. "ಏನೂ ಆಗಿಲ್ಲ ಪುಟ್ಟಿ, ಬರೀ ನಾಟಕ. ಹತ್ರದಲ್ಲೇ ಎಲ್ಲೋ ಮರಿಗಳಿವೆ. ನಮ್ಮ ಕಣ್ಣು ಅವುಗಳ ಮೇಲೆ ಬೀಳದೇ ಇರ್ಲಿ ಅಂತ ಹೀಗೆ ಮಾಡತ್ತೆ. ನಾವು ಆಚೆ ಸರಿದ್ರೆ ಹೇಗೆ ಹಾರತ್ತೆ ನೋಡು."

ನಾಲ್ಕು ಹೆಜ್ಜೆ ಸರಿದರು. ಹಕ್ಕಿ ಹಾರಿತು. ಮ್ಯಾನೇಜರು ಹಕ್ಕಿಯನ್ನು ನೋಡಿದರು. ಆಮೇಲೆ ಮಗಳನ್ನು ನೋಡಿದರು. ಆಮೇಲೆ ಗುಮಾಸ್ತನ ಬಲಗಾಲನ್ನು ನೋಡಿದರು.

"ಅರ್ಜಿಯಲ್ಲಿ ಎಡಗಾಲು ಅಂತ ಇತ್ತು."

ಗುಮಾಸ್ತ ಗಾಬರಿಯಿಂದ ಹಿಂದೆ ಸರಿದ. ಮರದ ಬೇರನ್ನು ಎಡವಿ, ಎಡಗಾಲು ಲಟಕ್ಕೆಂದಿತು. "ಅಯ್ಯೋ ಅಮ್ಮಾ!" ಎಂದು ಮೂಟೆಯಂತೆ ಬಿದ್ದ.

"ಭೇಷ್! ಆ ಹಕ್ಕಿ ನಿಮ್ಮ ಹತ್ರ ಬಂದು ಕಲೀಬೇಕು ಕಣ್ರೀ. ನಾಳೆ ಹೊತ್ತಿಗೆ ಸರಿಯಾಗಿ ಬನ್ನಿ!" ಎಂದು ಮ್ಯಾನೇಜರು ನಗುತ್ತ ಹೊರಟೇಹೋದರು. ಕಾವಲುಗಾರನೂ ನಗುತ್ತ ಅವರ ಹಿಂದೆ ನಡೆದ.

ಪಾದ ಊದತೊಡಗಿತ್ತು. ಗುಮಾಸ್ತನ ಕಣ್ಣಲ್ಲಿ ನೀರು. ಮಗಳು ದಾರಿಯುದ್ದಕ್ಕೂ ಕಣ್ಣು ಹಾಯಿಸಿ, ಬಗ್ಗಿ, ಅವನ ಕಿವಿಯಲ್ಲಿ ಮೆಲ್ಲಗೆ ಹೇಳಿದಳು:

"ಅವರು ಹೋದ್ರು ಅಪ್ಪ. ಇನ್ನು ಹಾರು."

ಅಪ್ಪನಿಗೆ ನಿಜಕ್ಕೂ ನೋವಾಗಿತ್ತೆಂದು ಅವಳು ಕೊನೆಗೆ ನಂಬಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಬುಧವಾರ, ಕಚೇರಿಯ ಹೊತ್ತಿನಲ್ಲಿ, ಮ್ಯಾನೇಜರಿಗೆ ಅಲ್ಲೇನು ಕೆಲಸವಿತ್ತೆಂಬುದೂ ಗೊತ್ತಿಲ್ಲ. ಗುಮಾಸ್ತ ಕೇಳಲಿಲ್ಲ.