ಹೊಸ ಮೋಡಗಳ ಆಸೆ

ಒಂದು ಸಾಮಾನನ್ನು ಬಿಡಬೇಕೋ ಇಟ್ಟುಕೊಳ್ಳಬೇಕೋ ಎಂದು ಯೋಚಿಸುವ ಸ್ವಾತಂತ್ರ್ಯ ಮನುಷ್ಯನಿಗೆ ಇರುವುದು ಅದಕ್ಕೊಂದು ಹೊದಿಕೆ ಹೊಲಿಸುವ ತನಕ ಮಾತ್ರ. ನಮ್ಮ ಮನೆಯ ಮಿಕ್ಸಿಗೆ ಹೂವಿನ ಬಟ್ಟೆಯದೊಂದು ಹೊದಿಕೆ ಇತ್ತು. ಮಿಕ್ಸಿ ಕೆಟ್ಟಿತು, ಹೊದಿಕೆ ಗಟ್ಟಿಯಾಗಿಯೇ ಇತ್ತು. ನನ್ನ ಹೆಂಡತಿ ವಿಮಲಾ ಆ ಹೊದಿಕೆಯನ್ನು ಚೀಲದಲ್ಲಿಟ್ಟುಕೊಂಡು ಸಂಪಿಗೆ ರಸ್ತೆಯ ಅಂಗಡಿಗಳನ್ನೆಲ್ಲ ಹತ್ತಿಳಿದು, ಅದರೊಳಗೆ ಕೂರುವ ಮಿಕ್ಸಿಯನ್ನೇ ಹುಡುಕಿ ತಂದಳು. ಅದು ಚಟ್ನಿಯನ್ನು ರುಬ್ಬುವುದಿಲ್ಲ, ಬರೀ ಹೆದರಿಸುತ್ತದೆ. ಆದರೆ ಹೊದಿಕೆ ಮಾತ್ರ ಹೇಳಿ ಹೊಲಿಸಿದ ಹಾಗೆ ಕೂರುತ್ತದೆ. ಆಗ ನಾನು ಅವಳನ್ನು ನೋಡಿ ನಕ್ಕಿದ್ದೆ. ಈಗ ನಗುವ ಯೋಗ್ಯತೆಯನ್ನು ಕಳೆದುಕೊಂಡು ಕೂತಿದ್ದೇನೆ. ಏಕೆಂದರೆ ಅವಳು ಹಳೆಯದನ್ನು ಉಳಿಸಿಕೊಳ್ಳಲು ಹೋಗಿ ಚಟ್ನಿ ಕೆಡಿಸಿಕೊಂಡಳು, ಅಷ್ಟೇ. ನಾನು ಹೊಸದಕ್ಕೆ ಆಸೆಪಟ್ಟು ಮಾಡಿದ್ದು ಅದಕ್ಕಿಂತ ಕೆಟ್ಟ ಕೆಲಸ.

ನಾನು ನಿವೃತ್ತ ಹೈಸ್ಕೂಲು ಮೇಷ್ಟರು, ಭೂಗೋಳ ಪಾಠ ಮಾಡುತ್ತಿದ್ದವನು. ಈಗ ಮಲ್ಲೇಶ್ವರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ವಿಮಾನ ಹಾರಿಸುತ್ತೇನೆ. ಗಾಬರಿಯಾಗಬೇಡಿ, ಕಂಪ್ಯೂಟರಿನಲ್ಲಿ. ಫ್ಲೈಟ್ ಸಿಮ್ಯುಲೇಟರ್ ಎಂಬ ಈ ಆಟದಲ್ಲಿ ಪೈಲಟ್ ಕೂರುವ ಕೋಣೆ, ಮುಳ್ಳುಗಳು, ಗುಂಡಿಗಳು ಎಲ್ಲ ನಿಜದ ವಿಮಾನದಲ್ಲಿರುವಂತೆಯೇ ಇರುತ್ತವೆ. ಬಿದ್ದರೆ ಮಾತ್ರ ಯಾರೂ ಸಾಯುವುದಿಲ್ಲ. ನಿಜದ ವಿಮಾನವನ್ನು ನಾನು ಹತ್ತಿದ್ದು ಜೀವನದಲ್ಲಿ ಒಂದೇ ಸಲ, ಶಿಕ್ಷಕರ ತರಬೇತಿಗೆಂದು ದೆಹಲಿಗೆ ಹೋದಾಗ. ನೆಲ ಬಿಟ್ಟ ತಕ್ಷಣ ಪಕ್ಕದ ಸೀಟಿನ ಸರ್ದಾರ್ಜಿಯ ಕೈ ಹಿಡಿದವನು ಇಳಿದ ಮೇಲೂ ಬಿಟ್ಟಿರಲಿಲ್ಲ. ಬ್ಯಾಗು ಇಳಿಸಬೇಕು, ಕೈ ಬಿಡಿ ಎಂದು ಅವರೇ ಕೇಳಿಕೊಂಡರು. ಮಾನ್ಸೂನ್ ಮಾರುತಗಳ ಬಗ್ಗೆ ಜೀವಮಾನವಿಡೀ ಪಾಠ ಮಾಡಿದವನು ಒಂದು ಸಣ್ಣ ಗಾಳಿಯ ಕುಲುಕಾಟಕ್ಕೆ ಕಣ್ಣು ಮುಚ್ಚಿಕೊಂಡಿದ್ದೆ. ಆ ಅವಮಾನ ಎಲ್ಲೋ ಒಳಗೆ ಕೂತಿದ್ದಿರಬೇಕು. ನಿವೃತ್ತಿಯಾದ ಮೇಲೆ ಎಸ್.ಪಿ. ರಸ್ತೆಗೆ ಹೋಗಿ ಕಂಪ್ಯೂಟರು ತಂದು ಮೊದಲು ಹಾಕಿಸಿದ್ದೇ ಈ ಆಟವನ್ನು.

ಆಟ ಒಂದಾದರೆ ಅದರ ಮೇಲೆ ಹೇರುವ ಸಾಮಾನು ನೂರೆಂಟು. ಅವುಗಳಿಗೆ ಆಡ್-ಆನ್ ಎನ್ನುತ್ತಾರೆ. ಮೊದಲು ಒಂದು ಹಳೆಯ ಕಾಲದ ಜೋಡಿ ಎಂಜಿನ್ನಿನ ವಿಮಾನ ತರಿಸಿದೆ. ಆಮೇಲೆ ಅದಕ್ಕೆ ತಕ್ಕ ಎಂಜಿನ್ ಸದ್ದು, ಆಮೇಲೆ ಮಳೆ, ಆಮೇಲೆ ಮಳೆ ಗಾಜಿನ ಮೇಲೆ ಹರಿಯುವ ರೀತಿ. ಕೈಯಲ್ಲಿ ಹಿಡಿಯಲು ಒಂದು ಹಿಡಿಕೆ, ಕಾಲಲ್ಲಿ ತುಳಿಯಲು ಪೆಡಲು. ಮೇಜಿನ ಕೆಳಗೆ ವಿಮಲಾಳ ಹೊಲಿಗೆ ಯಂತ್ರದ ಪೆಡಲೂ ಇತ್ತಾದ್ದರಿಂದ ಎಷ್ಟೋ ಸಲ ನಾನು ವಿಮಾನ ತಿರುಗಿಸಲು ಹೋಗಿ ಅವಳ ರವಿಕೆಗೆ ಅಡ್ಡಾದಿಡ್ಡಿ ಹೊಲಿಗೆ ಹಾಕಿದ್ದೇನೆ. ಮನೆ ಕಟ್ಟಿಸುವಾಗ ಕಿಟಕಿಗೆ ಯಾವ ಬಣ್ಣ ಎಂದು ಕೇಳಿದರೂ ಹೂಂ ಎನ್ನದಿದ್ದ ಮನುಷ್ಯ, ಮೋಡಕ್ಕೆ ಎಂಥಾ ಬಿಳುಪು ಬೇಕು ಅಂತ ಒಂದು ವಾರ ಯೋಚನೆ ಮಾಡ್ತಾರೆ ಎಂದು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು.

ಇವೆಲ್ಲ ಕೊಂಡು ತಂದವು. ಕೊಳ್ಳದೆ ಬಂದದ್ದು ಒಂದೇ ಒಂದು. ಅದನ್ನು ಮಾಡಿಕೊಟ್ಟವರು ವಿಮಲಾಳ ಅಣ್ಣ ಸೀತಾರಾಮಯ್ಯ, ನನಗೆ ಭಾವ. ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದು ನಿವೃತ್ತರಾದವರು. ನಮ್ಮ ಮನೆಯಿಂದ ಎರಡು ಅಡ್ಡರಸ್ತೆ ಆಚೆ ಮಗ ಸೊಸೆಯ ಜೊತೆ ಇದ್ದಾರೆ. ಅವರ ಹೆಂಡತಿ ಕಮಲಮ್ಮ ತೀರಿಕೊಂಡು ಆಗಿನ್ನೂ ವರ್ಷವಾಗಿರಲಿಲ್ಲ. ಹೊತ್ತು ಹೋಗದೆ ಬೆಳಿಗ್ಗೆ ಹನ್ನೊಂದಕ್ಕೆ ಬಂದು ನನ್ನ ಪಕ್ಕದಲ್ಲಿ ಕೂರುತ್ತಿದ್ದರು. ಒಂದು ದಿನ ನಾನು ಜಕ್ಕೂರಿನ ವಿಮಾನ ನಿಲ್ದಾಣದಿಂದ ಎದ್ದು ಸ್ಯಾಂಕಿ ಕೆರೆಯ ಮೇಲೆ ತಿರುಗಿ ಮಲ್ಲೇಶ್ವರಕ್ಕೆ ಬಂದೆ. ಭಾವ ಕನ್ನಡಕ ಒರೆಸಿಕೊಂಡು ನೋಡಿದರು. ಆಟದವರು ಮಾಡಿದ್ದ ಮಲ್ಲೇಶ್ವರದಲ್ಲಿ ಮನೆಗಳೆಲ್ಲ ಬೆಂಕಿಪೊಟ್ಟಣ ಜೋಡಿಸಿಟ್ಟಂತೆ ಒಂದೇ ಥರ ಇದ್ದವು. ಇದು ಯಾವ ಊರು ಮೇಷ್ಟ್ರೇ ಎಂದು ಕೇಳಿದರು. ನಮ್ಮದೇ ಎಂದೆ. ಅವರಿಗೆ ಅವಮಾನವಾದಂತೆ ಕಂಡಿತು.

ಅಲ್ಲಿಂದ ಒಂದೂವರೆ ವರ್ಷ ಅವರು ಮಾಡಿದ್ದು ತಪಸ್ಸು. ಮನೆ ಮಾದರಿಗಳನ್ನು ಕಂಪ್ಯೂಟರಿನಲ್ಲಿ ಕಟ್ಟುವುದನ್ನು ಕಲಿತರು. ಕ್ಯಾಮೆರಾ ಹಿಡಿದು ಬೀದಿ ಬೀದಿ ಅಲೆದು ಮನೆಗಳ ಮುಖ, ಗೇಟು, ಸಂಪಿಗೆ ಮರ ಎಲ್ಲದರ ಫೋಟೋ ತೆಗೆದರು. ಕೆಲವರು ಅವರನ್ನು ಸೈಟು ಬ್ರೋಕರ್ ಎಂದು ತಿಳಿದು ಓಡಿಸಿದರು. ಇನ್ನು ಕೆಲವರು ರಸ್ತೆ ಅಗಲ ಮಾಡಲು ಬಂದ ಕಾರ್ಪೊರೇಷನ್ನಿನವರೆಂದು ತಿಳಿದು ಒಳಗೆ ಕರೆದು ಕಾಫಿ ಕೊಟ್ಟು, ನಮ್ಮ ಕಾಂಪೌಂಡು ಮಾತ್ರ ಮುಟ್ಟಬೇಡಿ ಎಂದು ಕೈಮುಗಿದರು. ಭಾವ ಕಾಫಿ ಕುಡಿದು, ಮುಟ್ಟುವುದಿಲ್ಲ ಎಂದು ಮಾತು ಕೊಟ್ಟು ಬಂದರು. ಕೊನೆಗೊಂದು ದಿನ ಪೂರ್ತಿ ಮಲ್ಲೇಶ್ವರವನ್ನು ಪೆನ್‌ಡ್ರೈವಿನಲ್ಲಿ ತಂದು ನನ್ನ ಕಂಪ್ಯೂಟರಿಗೆ ಹಾಕಿದರು. ನಮ್ಮ ಮನೆಯ ಮುರಿದ ಗೇಟು ಕೂಡ ಅದರಲ್ಲಿ ಮುರಿದೇ ಇತ್ತು.

ತಮ್ಮ ಮನೆಯ ಮೇಲೆ ಸ್ವಲ್ಪ ತಗ್ಗಿ ಹಾರಿ ಎಂದರು. ತಗ್ಗಿದೆ. ತಾರಸಿಯ ಮೇಲೆ ನೇರಳೆ ಸೀರೆಯ ಒಬ್ಬ ಹೆಂಗಸು ಬಗ್ಗಿ ಸಂಡಿಗೆ ಒಣಹಾಕುತ್ತಿದ್ದಳು. ಎತ್ತರದಲ್ಲಿ ಹಾರಿದರೆ ಕಾಣುವುದಿಲ್ಲ, ಕೆಳಗಿಳಿದರೆ ಮಾತ್ರ. ಒಳಗಿನಿಂದ ಕಾಫಿ ತಂದ ವಿಮಲಾ ಲೋಟ ಹಿಡಿದುಕೊಂಡೇ ನಿಂತು, ಅತ್ತಿಗೆ ಎಂದಳು, ಅಷ್ಟೇ. ಅಂದಿನಿಂದ ದಿನವೂ ಒಂದು ಸುತ್ತು ಆ ತಾರಸಿಯ ಮೇಲೆ. ನನ್ನ ಕೈ ಅಷ್ಟೇನೂ ಚುರುಕಲ್ಲ. ಒಮ್ಮೆ ವಿಮಾನ ನೇರ ಹೋಗಿ ತಾರಸಿಗೇ ಬಡಿಯಿತು. ಪರದೆ ಕಪ್ಪಾಯಿತು. ಭಾವ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದವರು ಮೂರು ದಿನ ಬರಲಿಲ್ಲ. ನಾನು ಆ ಮೂರು ದಿನವೂ ಕೂತು ತಗ್ಗಿ ಹಾರುವುದನ್ನು ಅಭ್ಯಾಸ ಮಾಡಿದೆ.

ಆಮೇಲೆ ಅವರ ಕಣ್ಣು ಮಂಜಾಗತೊಡಗಿತು. ಗ್ಲಾಕೋಮಾ ಎಂದರು. ಹನಿ ಹಾಕಿದರು, ಆಪರೇಷನ್ ಮಾಡಿದರು. ಎರಡು ವರ್ಷದಲ್ಲಿ ಬೆಳಕು ಮತ್ತು ಕತ್ತಲೆಯ ವ್ಯತ್ಯಾಸ ಬಿಟ್ಟು ಬೇರೇನೂ ಉಳಿಯಲಿಲ್ಲ. ಅವರು ನಕ್ಷೆ ಬರೆಯುತ್ತಿದ್ದ ಕಂಪ್ಯೂಟರನ್ನು ಅವರೇ ಹೇಳಿ ಗುಜರಿಗೆ ಹಾಕಿಸಿದರು. ಬೆಳಗಿನ ಹನ್ನೊಂದು ಗಂಟೆ ಮಾತ್ರ ತಪ್ಪಲಿಲ್ಲ. ಸೊಸೆ ಗೇಟಿನ ತನಕ ತಂದು ಬಿಡುತ್ತಿದ್ದಳು. ನಾನು ಹಾರಿಸುತ್ತಾ ಹೇಳುತ್ತಿದ್ದೆ: ಕೆರೆ ಬಂತು, ಮಾರ್ಗೋಸಾ ರಸ್ತೆ ಬಂತು, ನಿಮ್ಮ ಮನೆ ಬಂತು. ಅವರು ಪರದೆಯ ಕಡೆ ಮುಖ ಮಾಡಿ ಕೇಳಿಸಿಕೊಳ್ಳುತ್ತಿದ್ದರು.

ಕಳೆದ ವರ್ಷ ನನ್ನ ಕಂಪ್ಯೂಟರು ಕೆಮ್ಮತೊಡಗಿತು. ಹಾರುವಾಗಲೇ ನಿಂತುಹೋಗುತ್ತಿತ್ತು. ಅಂಗಡಿಯವನಿಗೆ ತೋರಿಸಿದೆ. ಹಳೆಯ ಭಾಗಗಳನ್ನೇ ಹುಡುಕಿ ಹಾಕಿಕೊಡಬಹುದು, ಆದರೆ ಎಷ್ಟು ದಿನ ಬರುತ್ತದೆಂದು ಹೇಳಲಾಗದು ಎಂದ. ಇಲ್ಲವೇ ಹೊಸ ಯಂತ್ರ, ಹೊಸ ಆವೃತ್ತಿಯ ಆಟ. ಹೊಸದಕ್ಕೆ ಹಳೆಯ ಆಡ್-ಆನ್ ಯಾವುದೂ ಹೊಂದುವುದಿಲ್ಲ. ವಿಮಾನ, ಸದ್ದು, ಮಳೆ, ಮಲ್ಲೇಶ್ವರ ಎಲ್ಲ ಅಲ್ಲಿಗೆ ಮುಗಿಯಿತು. ಭಾವನ ಮೂಲ ಕಡತಗಳಿದ್ದರೆ ತಿದ್ದಬಹುದಿತ್ತಂತೆ. ಅವು ಗುಜರಿಗೆ ಹೋಗಿದ್ದವು.

ನಾನು ಎರಡು ತಿಂಗಳು ಯೋಚಿಸಿದೆ. ವಿಮಲಾಳನ್ನು ಕೇಳಿದರೆ, ಅಣ್ಣನನ್ನ ಕೇಳಿ ಎಂದಳು. ಕೇಳುತ್ತೇನೆ ಎಂದೆ, ಕೇಳಲಿಲ್ಲ. ಕೇಳಿದರೆ ಅವರು ಬೇಡ ಎಂದುಬಿಟ್ಟಾರು ಎಂಬ ಹೆದರಿಕೆ ಇತ್ತು. ನಿಜ ಹೇಳಿಬಿಡುತ್ತೇನೆ: ಅಂಗಡಿಯವನು ಅಂದು ತನ್ನ ಪರದೆಯ ಮೇಲೆ ಹೊಸ ಆಟದ ಮೋಡಗಳನ್ನು ತೋರಿಸಿದ್ದ. ಸಂಜೆಯ ಬಿಸಿಲು ಒಂದು ಪಕ್ಕಕ್ಕೆ ಬಿದ್ದು, ಇನ್ನೊಂದು ಪಕ್ಕ ನೆರಳಾಗಿ, ಬೆಟ್ಟದಂತೆ ಮೇಲೆದ್ದ ಮೋಡ. ನಾನು ಮಕ್ಕಳಿಗೆ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದ ಮೋಡ. ಅದರೊಳಗೆ ಒಮ್ಮೆ ಹೊಕ್ಕು ಬರಬೇಕು ಅನ್ನಿಸಿತು. ಬೇರೆ ಕಾರಣವೇನೂ ಇಲ್ಲ. ಹಳೆಯ ಯಂತ್ರವನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೊಸದನ್ನು ಆಟೋದಲ್ಲಿ ಮಡಿಲಲ್ಲಿಟ್ಟುಕೊಂಡು ತಂದೆ. ಮೆಜೆಸ್ಟಿಕ್ ದಾಟುವಾಗ ನೆನಪಾಯಿತು, ಕೊನೆಯದಾಗಿ ಒಂದು ಸಲ ಆ ತಾರಸಿಯ ಮೇಲೆ ಹಾರಲೂ ಇಲ್ಲವಲ್ಲ ಎಂದು.

ಮಾರನೆಯ ದಿನ ಹನ್ನೊಂದಕ್ಕೆ ಭಾವ ಬಂದರು. ಹೊಸ ಆಟದ ಮಲ್ಲೇಶ್ವರ ಉಪಗ್ರಹದ ಚಿತ್ರಗಳಿಂದ ಮಾಡಿದ್ದು. ಇದ್ದದ್ದು ಇದ್ದ ಹಾಗೇ ಇತ್ತು. ಭಾವನ ಮನೆ ಬಂತು. ತಾರಸಿಯ ಮೇಲೆ ಕಪ್ಪು ನೀರಿನ ಟ್ಯಾಂಕು, ಬಿಸಿಲಲ್ಲಿ ಮಿಂಚುವ ಸೋಲಾರ್ ಗಾಜು. ನನ್ನ ಬಾಯಿಂದ ಮಾತು ತಾನಾಗಿಯೇ ಬಂತು: ನಿಮ್ಮ ಮನೆ ಬಂತು ಭಾವ, ಕಮಲಮ್ಮನವರು ಸಂಡಿಗೆ ಹಾಕ್ತಿದಾರೆ. ಯಾವ ಸೀರೆ ಎಂದು ಕೇಳಿದರು. ಅದುವರೆಗೆ ಒಂದು ದಿನವೂ ಹಾಗೆ ಕೇಳಿದವರಲ್ಲ. ನೇರಳೆ ಎಂದೆ. ತಲೆಯಾಡಿಸಿದರು.

ಹೀಗೆ ಆರು ವಾರ ನಡೆಯಿತು. ಸುಳ್ಳು ಹೇಳುವುದರಲ್ಲಿ ನಾನು ಪಳಗಿದೆ. ಇವತ್ತು ಬಿಸಿಲು ಜೋರಾಗಿದೆ, ಸೆರಗನ್ನು ತಲೆಗೆ ಹೊದ್ದಿದ್ದಾರೆ ಎಂದೂ ಸೇರಿಸಿದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿದ್ದೂ ಉಂಟು. ಆದರೆ ಮೋಡದೊಳಗೆ ಹೊಕ್ಕಾಗ ಸುಖ ಇರಲಿಲ್ಲ. ಒಂದು ಬೆಳಿಗ್ಗೆ ಹೇಳುತ್ತಾ ಹೇಳುತ್ತಾ ಅರ್ಧಕ್ಕೇ ನಿಲ್ಲಿಸಿದೆ. ಹಿಡಿಕೆ ಬಿಟ್ಟು, ಭಾವ, ನಿಮಗೊಂದು ವಿಷಯ ಹೇಳ್ಬೇಕು ಎಂದೆ.

"ಹೇಳೋದೇನೂ ಬೇಡ ಮೇಷ್ಟ್ರೇ. ನೀವು ಆಟೋದಿಂದ ಇಳಿದ ಹತ್ತು ನಿಮಿಷಕ್ಕೇ ವಿಮಲಾ ಫೋನ್ ಮಾಡಿದ್ಲು," ಎಂದರು.

ಆರು ವಾರದ ನನ್ನ ನಟನೆಯನ್ನು ಈ ಮನುಷ್ಯ ಸುಮ್ಮನೆ ಕೂತು ಕೇಳಿದ್ದಾರೆ. ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. ಅವರು ಕೋಲಿನ ಹಿಡಿಯನ್ನು ಉಜ್ಜಿದರು.

"ನೀವು ಚೆನ್ನಾಗಿ ಹೇಳ್ತಿದ್ರಿ. ನಾನು ಬರೆದಿದ್ದಕ್ಕಿಂತ ಚೆನ್ನಾಗಿತ್ತು," ಎಂದರು. ಆಮೇಲೆ, "ಆದ್ರೆ ಒಂದು ಮಾತು ಕೇಳಬಹುದಿತ್ತು. ಕೇಳಿದ್ರೆ ನಾನೇ ಹೂಂ ಅಂತಿದ್ದೆ."

ತಪ್ಪಾಯ್ತು ಎಂದೆ. ಅವರೇ ಮುಂದುವರಿಸಿ ಹೇಳಿದ್ದು ಇದು: ಆ ನೇರಳೆ ಸೀರೆಯೂ ಸುಳ್ಳೇ. ಕಮಲಮ್ಮ ಮನೆಯಲ್ಲಿ ಉಡುತ್ತಿದ್ದದ್ದು ಮಾಸಿದ ಒಂದು ಹಸಿರು ಸೀರೆ. ಹಸಿರು ಬರೆದರೆ ಪಕ್ಕದ ಮಾವಿನ ಮರದ ಜೊತೆ ಸೇರಿಹೋಗುತ್ತಿತ್ತು, ಅದಕ್ಕೇ ನೇರಳೆ. ಮುಖವನ್ನು ಬರೆಯಲು ಹತ್ತು ಸಲ ಕೂತರಂತೆ. ಅಷ್ಟು ವರ್ಷ ಎದುರಿಗೆ ಓಡಾಡಿದ ಮುಖ ಕೈಗೆ ಬರಲೇ ಇಲ್ಲವಂತೆ.

"ಬಗ್ಗಿರೋ ಹಾಗೆ ಬರೆದ್ರೆ ಮೇಲಿಂದ ಮುಖ ಕಾಣಲ್ಲ ನೋಡಿ. ಅದಕ್ಕೇ ಸಂಡಿಗೆ ಹಾಕ್ಸಿದ್ದು."

ವಿಮಲಾ ಬಾಗಿಲಲ್ಲಿ ನಿಂತಿದ್ದಳು. ಪರದೆಯ ಮೇಲೆ ನಾನು ಬಿಟ್ಟ ವಿಮಾನ ತನ್ನ ಪಾಡಿಗೆ ತುಮಕೂರಿನ ಕಡೆ ಹೋಗುತ್ತಿತ್ತು. ಆಮೇಲೆ ಭಾವ, ಈಗ ನಿಜವಾಗಿ ತಾರಸಿ ಮೇಲೆ ಏನಿದೆ ಹೇಳಿ ಎಂದರು. ಕಣ್ಣು ಹೋದ ಮೇಲೆ ಅವರು ಮೆಟ್ಟಿಲು ಹತ್ತಿರಲಿಲ್ಲ. ಟ್ಯಾಂಕು, ಸೋಲಾರು, ಬಟ್ಟೆಯ ಹಗ್ಗ ಎಂದು ಇದ್ದದ್ದನ್ನೆಲ್ಲ ಹೇಳಿದೆ. ಸಂಡಿಗೆ ಹಾಕೋಕೆ ಜಾಗ ಉಂಟೋ ಎಂದು ಕೇಳಿದರು. ಮೂಲೆಯಲ್ಲಿ ಸ್ವಲ್ಪ ಇದೆ ಎಂದೆ.

"ಹಾಗಾದ್ರೆ ಅವಳನ್ನ ಅಲ್ಲೇ ನಿಲ್ಸೋಣ. ನಾನು ಹೇಳ್ತೀನಿ, ನೀವು ಬರೀರಿ."

ನಾಲ್ಕು ತಿಂಗಳು ಕೂತೆವು. ಕಣ್ಣಿಲ್ಲದ ನಕ್ಷೆಗಾರ ಹೇಳುವುದು, ನೆಟ್ಟಗೆ ಒಂದು ಗೆರೆ ಎಳೆಯಲಾರದ ಭೂಗೋಳದ ಮೇಷ್ಟರು ಬರೆಯುವುದು. ಹೈಸ್ಕೂಲಿನಲ್ಲಿ ನಾನು ಬರೆದ ಭಾರತದ ನಕ್ಷೆ ನೋಡಿ ಇದು ಯಾವ ಹಣ್ಣು ಸಾರ್ ಎಂದು ಮಕ್ಕಳು ಕೇಳಿದ್ದುಂಟು. ಭಾವ ಗದರುತ್ತಿದ್ದರು, ಸೊಂಟ ಎಲ್ಲಿ ಬರುತ್ತದೆಂದು ನನ್ನ ಮೊಣಕೈ ಹಿಡಿದು ಅಳತೆ ಹೇಳುತ್ತಿದ್ದರು. ಈ ಸಲ ಸೀರೆ ಹಸಿರು. ಅಂತೂ ಒಂದು ಆಕೃತಿ ತಾರಸಿಯ ಮೂಲೆಗೆ ಹೋಗಿ ನಿಂತಿತು. ತಗ್ಗಿ ಹಾರಿದೆ. ಹೇಗೆ ಕಾಣಿಸ್ತಿದಾಳೆ ಎಂದು ಭಾವ ಕೇಳಿದರು. ಇನ್ನು ಸುಳ್ಳು ಹೇಳುವುದಿಲ್ಲವೆಂದು ನಾನು ವಿಮಲಾಳ ಮುಂದೆ ಆಣೆ ಮಾಡಿದ್ದೆ.

"ಗುಂಡು ಬದನೆಕಾಯಿ ಹಾಗೆ ಕಾಣಿಸ್ತಿದಾರೆ ಭಾವ," ಎಂದೆ.

ಅವರು ಮೊದಲು ನಕ್ಕರು. ನಗುತ್ತಾ ನಗುತ್ತಾ ಕಪ್ಪು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡರು. "ಇದ್ದಿದ್ದೂ ಸ್ವಲ್ಪ ಹಾಗೇ," ಎಂದರು.

ಮೊನ್ನೆ ಪರದೆಯ ಮೂಲೆಯಲ್ಲಿ ಸೂಚನೆಯೊಂದು ಬಂದಿದೆ. ಇನ್ನೂ ಹೊಸ ಆವೃತ್ತಿ ಬಂದಿದೆಯಂತೆ. ಮೋಡಗಳು ಇನ್ನೂ ಚೆನ್ನಾಗಿವೆಯಂತೆ. ಹಾಕಿಕೊಂಡರೆ ನೀವು ಸೇರಿಸಿದ ಸಾಮಾನುಗಳು ಉಳಿಯುತ್ತವೆಂದು ಖಾತ್ರಿಯಿಲ್ಲವಂತೆ. ಕೆಳಗೆ ಎರಡು ಗುಂಡಿ, 'ಈಗಲೇ' ಮತ್ತು 'ನಾಳೆ ನೆನಪಿಸು'. ಭಾವನನ್ನು ಕೇಳಿದರೆ ಹೂಂ ಎಂದುಬಿಡುತ್ತಾರೆ ಎಂಬ ಹೆದರಿಕೆಯಿಂದ ಈ ಸಲವೂ ಕೇಳಿಲ್ಲ. ಹೋಂವರ್ಕ್ ನಾಳೆ ತರ್ತೀನಿ ಸಾರ್ ಎಂದ ಹುಡುಗರನ್ನೆಲ್ಲ ಬೆಂಚಿನ ಮೇಲೆ ನಿಲ್ಲಿಸಿದ ಮೇಷ್ಟರು ನಾನು. ದಿನಾ ಬೆಳಿಗ್ಗೆ, ಹನ್ನೊಂದಕ್ಕೆ ಮೊದಲು, ಯಾರಿಗೂ ಕಾಣದ ಹಾಗೆ ಎರಡನೆಯ ಗುಂಡಿ ಒತ್ತುತ್ತಿದ್ದೇನೆ.