ಹೊನಗೊನೆ ಹೂವಿನ ಫೋಟೊ

ವಿಜ್ಞಾನ ಕಲಿಸುವವರಿಗೆಲ್ಲ ಗಿಡಗಳ ಪರಿಚಯ ಇರುತ್ತದೆ ಎಂದು ನಂಬುವುದು ಜನರ ಔದಾರ್ಯ. ಚಾಮರಾಜಪೇಟೆಯ ಶಾಲೆಯೊಂದರಲ್ಲಿ ನಾನು ಇಪ್ಪತ್ತನಾಲ್ಕು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಜೌಗುನೆಲದ ಸಸ್ಯಗಳ ಪಾಠವನ್ನಂತೂ ನಿದ್ದೆಯಲ್ಲೂ ಮಾಡಬಲ್ಲೆ. ಮಕ್ಕಳು ಕೇಳುವುದೂ ಹಾಗೆಯೇ. ಆದರೆ ಜೌಗಿಗೆ ಕಾಲಿಟ್ಟವಳಲ್ಲ. ನಮ್ಮ ಬೀದಿಯಲ್ಲಿ ಒದ್ದೆ ನೆಲ ಎಂದರೆ ನೀರಿನ ಪೈಪು ಒಡೆದ ಜಾಗ.

ಈ ಫೆಬ್ರವರಿಯಲ್ಲಿ ನಮ್ಮ ಮುಖ್ಯೋಪಾಧ್ಯಾಯಿನಿಗೆ ಲ್ಯಾಬಿನ ಗೋಡೆ ಬೋಳಾಗಿ ಕಂಡಿತು. "ಕೆರೆ ಅಂಚಿನ ಕಾಡುಹೂವಿನ ಫೋಟೊ ಹಾಕೋಣ. ಇಂಟರ್ನೆಟ್ಟಿಂದ ಬೇಡ, ನೀವೇ ತೆಗೀರಿ" ಎಂದರು. ಭಾನುವಾರ ಬೆಳಿಗ್ಗೆ ನಮ್ಮವರು, ಕಾಟನ್‌ಪೇಟೆಯಲ್ಲಿ ದಾರದ ಅಂಗಡಿ ನಡೆಸುವ ಮನುಷ್ಯ, ನನ್ನನ್ನು ಸ್ಕೂಟರಿನಲ್ಲಿ ಮೈಸೂರು ರಸ್ತೆಯ ಆಚೆಯ ಒಂದು ಕೆರೆಗೆ ಕರೆದೊಯ್ದರು. ತಾವು ಏರಿಯ ಮೇಲೆ ನಿಂತು ಪೇಪರು ಬಿಡಿಸಿದರು.

ನೀರಿನಂಚಿನಲ್ಲಿ ಮುಳ್ಳಿನ ನಡುವೆ ಅರಳಿದ ಒಂದು ನೇರಳೆ ಹೂವು ಕಂಡಿತು. ಹೆಸರು ಗೊತ್ತಿರಲಿಲ್ಲ. ಇನ್ನೂ ಹತ್ತಿರ ಹೋಗೋಣವೆಂದು ಎರಡು ಹೆಜ್ಜೆ ಇಟ್ಟೆ. ಮೂರನೆಯದು ಮೊಣಕಾಲಿನವರೆಗೆ ಇಳಿಯಿತು. ಎಳೆದುಕೊಳ್ಳಲು ಹೋದರೆ ಇನ್ನೊಂದು ಕಾಲೂ ಇಳಿಯಿತು. ಫೋನನ್ನು ತಲೆಯ ಮೇಲೆತ್ತಿ ಹಿಡಿದು ನಮ್ಮವರನ್ನು ಕೂಗಿದೆ.

"ಸಿಗ್ನಲ್ ಸಿಗ್ತಿಲ್ವಾ?" ಎಂದರು ಅವರು.

ಅಷ್ಟರಲ್ಲಿ ಪಕ್ಕದಲ್ಲಿ ಸೊಪ್ಪು ಕೊಯ್ಯುತ್ತಿದ್ದ ಹೆಂಗಸೊಬ್ಬಳು ಸೀರೆ ಎತ್ತಿಕಟ್ಟಿಕೊಂಡು ಬಂದಳು. "ಒದ್ದಾಡ್ಬೇಡಿ ಮೇಡಂ, ಹಿಂದಕ್ಕೆ ಕೂತ್ಕೊಂಡ್ಬಿಡಿ" ಎಂದಳು. ಒಳ್ಳೆಯ ಸೀರೆಯುಟ್ಟು ಕೆಸರಿನಲ್ಲಿ ಕೂರುವುದು ಸುಲಭವಲ್ಲ, ಆದರೂ ಕೂತೆ. ಅವಳು ನನ್ನ ಕಾಲಿನ ಸುತ್ತ ಕೈಯಿಂದಲೇ ಕೆಸರು ಬಗೆಯುತ್ತಾ ಮುಖ ನೋಡಿದಳು.

"ನಾನು ಗೌರಿ, ಮೇಡಂ. ಏಳನೇ ಕ್ಲಾಸಲ್ಲಿ ನೀವೇ ಸೈನ್ಸ್ ಹೇಳ್ಕೊಟ್ಟಿದ್ದು. ಮದ್ವೆ ಆಗಿ ಈ ಕಡೆ ಬಂದೆ."

ನನಗೆ ನೆನಪಾಗಲಿಲ್ಲ. ಅವಳಿಗೆ ಎಲ್ಲವೂ ನೆನಪಿತ್ತು.

"ಜೌಗಲ್ಲಿ ಬೆಳೆಯೋ ಗಿಡಕ್ಕೆ ಉದಾಹರಣೆ ಕೇಳಿದ್ರಿ. ಹೊನಗೊನೆ ಅಂತ ಬರ್ದಿದ್ದೆ. ನೀವು, 'ಅದು ಸೊಪ್ಪು ಕಣಮ್ಮ, ಪುಸ್ತಕದಲ್ಲಿ ಇರೋದನ್ನ ಬರಿ' ಅಂತ ತಪ್ಪು ಹಾಕಿದ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ಕೊಯ್ದಿಟ್ಟಿದ್ದ ಹೊನಗೊನೆಯ ಕಟ್ಟು ನನ್ನ ಮೂಗಿನ ಮುಂದೆಯೇ ಇತ್ತು. ಎಲೆಯ ಬುಡದಲ್ಲಿ ಅಕ್ಕಿನುಚ್ಚಿನಂಥ ಬಿಳಿ ಹೂಗಳು. ವಾರಕ್ಕೊಮ್ಮೆ ಅದರ ಪಲ್ಯ ತಿನ್ನುತ್ತೇನೆ. ಅದು ಹೂ ಬಿಡುತ್ತದೆಂದು ಅವತ್ತಿನವರೆಗೆ ನೋಡಿರಲಿಲ್ಲ.

"ನಿನ್ನ ಉತ್ತರ ಸರಿಯಾಗೇ ಇತ್ತಮ್ಮ. ತಪ್ಪು ನಂದು" ಎಂದೆ.

"ಇರ್ಲಿ ಬಿಡಿ ಮೇಡಂ, ಇನ್ನೊಂದು ಕಾಲು ಕೊಡಿ" ಎಂದಳು.

ದಡ ಸೇರಿದ ಮೇಲೆ ಇನ್ನೂ ಬೇರೂರಿದ್ದ ಒಂದು ಹೊನಗೊನೆಯನ್ನು ಅವಳೇ ತೋರಿಸಿದಳು. ನೆರಳು ಬೀಳದಂತೆ ಎಲ್ಲಿ ನಿಲ್ಲಬೇಕೆಂದೂ ಹೇಳಿದಳು. ಲ್ಯಾಬಿನ ಗೋಡೆಯ ಮೇಲೆ ಈಗ ಇರುವುದು ಅದೇ ಫೋಟೊ. ಕೆಳಗೆ 'ಗುರುತಿಸಿದವರು: ಗೌರಿ, ನಮ್ಮ ಹಳೆಯ ವಿದ್ಯಾರ್ಥಿನಿ' ಎಂದು ಬರೆಸಿದ್ದೇನೆ. ಸೋಮವಾರ ತರಗತಿಯಲ್ಲಿ ಜೌಗಿನ ಗಿಡಕ್ಕೆ ಉದಾಹರಣೆಯಾಗಿ ಹೊನಗೊನೆ ಎಂದು ಬೋರ್ಡಿನ ಮೇಲೆ ಬರೆದಾಗ ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು.

"ಮಿಸ್, ಇದು ಪುಸ್ತಕದಲ್ಲಿಲ್ಲ. ಪರೀಕ್ಷೇಲಿ ಬರೆದ್ರೆ ಮಾರ್ಕ್ಸ್ ಕೊಡ್ತಾರಾ?"

"ಕೊಡ್ತಾರೆ, ಬರ್ಕೊಳ್ಳಿ" ಎಂದೆ. ಉತ್ತರಪತ್ರಿಕೆ ತಿದ್ದುವವಳು ನಾನೇ ಆದ್ದರಿಂದ ಅಷ್ಟೊಂದು ಧೈರ್ಯ.